ಕೊಂಬೆಯ ತುದಿಯವರೇ ಹೆಚ್ಚು

ಹೈಸ್ಕೂಲು ದಾಟಿದ ಮೇಲಿನ ಗಣಿತ ಕನ್ನಡದಲ್ಲಿ ಆಗುವ ಮಾತಲ್ಲ ಎಂದು ಹೇಳುವವರು ನಮ್ಮ ಕಾಸರಗೋಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಪಿ.ಟಿ.ಎ. ಮೀಟಿಂಗಿನಲ್ಲಿ ಹೆತ್ತವರು ಹೇಳುತ್ತಾರೆ. ಸ್ಟಾಫ್ ರೂಮಿನಲ್ಲಿ ಚಾ ಕುಡಿಯುತ್ತಾ ನಾವೂ ಹೇಳುತ್ತೇವೆ. "ಹೇಗೂ ಪ್ಲಸ್ ವನ್ನಿಗೆ ಇಂಗ್ಲಿಷೇ ಅಲ್ವಾ ಮಾಷ್ಟ್ರೇ, ಈಗಲೇ ಬದಲಾಯಿಸಿದರೆ ಒಳ್ಳೇದಲ್ವಾ?" ಈ ಪ್ರಶ್ನೆಗೆ ಭಾಷಾಭಿಮಾನದ ಉತ್ತರ ಕೊಟ್ಟು ಪ್ರಯೋಜನ ಇಲ್ಲ. ಮಗುವಿನ ಭವಿಷ್ಯದ ಚಿಂತೆಯಲ್ಲಿರುವ ಅಪ್ಪ ಅಮ್ಮನಿಗೆ ರಾಜ್ಯೋತ್ಸವದ ಭಾಷಣ ಬೇಡ. ಗಣಿತದ ಪ್ರಶ್ನೆಗೆ ಗಣಿತದಲ್ಲೇ ಉತ್ತರ ಕೊಡಬೇಕು.

ಹಾಗಾಗಿ ಇವತ್ತು ಸುಲಭದ ವಿಷಯ ಬಿಟ್ಟು ಕಷ್ಟದ್ದನ್ನೇ ಎತ್ತಿಕೊಂಡಿದ್ದೇನೆ. ಕೊನೆಯೇ ಇಲ್ಲದ ಒಂದು ಮರದ ಮೇಲೆ ಸರಾಸರಿ ತೆಗೆಯುವುದು, ಆ ಸರಾಸರಿಗಳಲ್ಲಿ ಅತಿ ದೊಡ್ಡದನ್ನು ಹುಡುಕುವುದು, ಆಮೇಲೆ ಮರದ ಒಂದೊಂದು ಗಂಟಿಗೂ ಬೇರೆ ಬೇರೆ ತೂಕ ಕೊಟ್ಟರೆ ಏನಾಗುತ್ತದೆ ಎಂದು ನೋಡುವುದು. 1930ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಈ ಲೆಕ್ಕ 2021ರಲ್ಲಿ ಅಚ್ಚಾದ ಸಂಶೋಧನೆಯವರೆಗೆ ಬಂದಿದೆ. ಟಿ.ಸಿ.ಎಚ್., ಬಿ.ಎ. ಕಲಿತ ಮಾಷ್ಟ್ರಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಪೂರ್ತಿ ಸಾಧನೆಯನ್ನು ನಾನು ಇಲ್ಲಿ ಕೊಡುತ್ತಿಲ್ಲ. ಅದರ ತಿರುಳಿಗೆ ಬೇಕಾದದ್ದು ಕೂಡಿಸಲು, ಭಾಗಿಸಲು, ಎಣಿಸಲು ಬರುವುದು ಅಷ್ಟೆ. ಅಷ್ಟು ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳಿಗೂ ಬರುತ್ತದೆ.

ಮೊದಲು ಕ್ರಿಕೆಟ್. ರಾಮಾನುಜನ್ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಹಾರ್ಡಿ ಕ್ರಿಕೆಟಿನ ಹುಚ್ಚಿನವರು. ಅವರೂ ಅವರ ಜೊತೆಗಾರ ಲಿಟ್ಲ್‌ವುಡ್ಡೂ 1930ರಲ್ಲಿ ಒಂದು ಪ್ರಬಂಧ ಬರೆದರು. ಅದರ ಮುಖ್ಯ ಲೆಕ್ಕವನ್ನು ಅವರು ವಿವರಿಸಿದ್ದೇ ಬ್ಯಾಟ್ಸ್‌ಮನ್ನನ ಸರಾಸರಿಯ ಮೂಲಕ! ಒಬ್ಬ ಆಟಗಾರ ಪ್ರತಿ ಇನ್ನಿಂಗ್ಸ್ ಮುಗಿದಾಗಲೂ ಹಿಂದಕ್ಕೆ ತಿರುಗಿ ನೋಡುತ್ತಾನೆ. ಇವತ್ತಿನದು ಮಾತ್ರ ಲೆಕ್ಕ ಹಿಡಿದರೆ ಎಷ್ಟು, ಇವತ್ತು ನಿನ್ನೆ ಸೇರಿಸಿದರೆ ಸರಾಸರಿ ಎಷ್ಟು, ಮೊನ್ನೆಯದನ್ನೂ ಸೇರಿಸಿದರೆ ಎಷ್ಟು... ಇವುಗಳಲ್ಲಿ ಯಾವುದು ದೊಡ್ಡದೋ ಅದನ್ನೇ ನೆನೆದು ಸಂತೋಷಪಡುತ್ತಾನೆ. (ನಮ್ಮ ಊರಿನ ಓವರ್‌ ಆರ್ಮ್ ಟೂರ್ನಮೆಂಟಿನ ಹುಡುಗರೂ ಇದನ್ನೇ ಮಾಡುತ್ತಾರೆ, ಯಾರೂ ಕಲಿಸದೆ.)

ಅವನು ಮೂರು ಆಟಗಳಲ್ಲಿ 60, 30, 0 ಹೊಡೆದ ಎಂದಿಟ್ಟುಕೊಳ್ಳಿ. ಮೊದಲ ದಿನದ ಸಂತೋಷ 60. ಎರಡನೇ ದಿನ ಅಂದಿನದು ಮಾತ್ರ 30, ಎರಡೂ ಸೇರಿ ಸರಾಸರಿ 45, ದೊಡ್ಡದು 45. ಮೂರನೇ ದಿನ 0, 15, 30, ದೊಡ್ಡದು 30. ಒಟ್ಟು 135. ಅದೇ ರನ್ನುಗಳನ್ನು ತಿರುಗಿಸಿ 0, 30, 60 ಎಂದು ಹೊಡೆದಿದ್ದರೆ? 0, 30, 60, ಒಟ್ಟು 90 ಮಾತ್ರ. ರನ್ನು ಅಷ್ಟೇ, ಸರಣಿಯ ಸರಾಸರಿಯೂ ಅಷ್ಟೇ, ಆದರೆ ಸಂತೋಷ ಬೇರೆ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಕ್ರಮದಲ್ಲಿ ಹೊಡೆದರೆ ಒಟ್ಟು ಸಂತೋಷ ಅತಿ ಹೆಚ್ಚು ಎಂದು ಅವರಿಬ್ಬರೂ ತೋರಿಸಿಕೊಟ್ಟರು. ಉಳಿದ ನಾಲ್ಕು ಕ್ರಮಗಳನ್ನು ಮಕ್ಕಳಿಂದ ಮಾಡಿಸಿ ನೋಡಿ. 105, 105, 120, 120 ಬರುತ್ತದೆ.

ನಮ್ಮ ಪಾಠಪುಸ್ತಕದ ಸರಾಸರಿಯಲ್ಲಿ ಇಲ್ಲದ ಒಂದು ಸಂಗತಿ ಇಲ್ಲಿದೆ. ನಾವು ಮಕ್ಕಳಿಗೆ ಕೂಡಿಸು, ಭಾಗಿಸು ಎನ್ನುತ್ತೇವೆ. ಎಲ್ಲಿಂದ ಎಲ್ಲಿಯವರೆಗೆ ಕೂಡಿಸಬೇಕು ಎಂಬುದನ್ನು ಪ್ರಶ್ನೆ ಬರೆದವರೇ ತೀರ್ಮಾನ ಮಾಡಿರುತ್ತಾರೆ. ಹಾರ್ಡಿ ಲಿಟ್ಲ್‌ವುಡ್ಡರ ಲೆಕ್ಕದಲ್ಲಿ ಪ್ರತಿ ಬಿಂದುವೂ ತನ್ನ ಸುತ್ತ ಚಿಕ್ಕ ಕಿಟಕಿ, ದೊಡ್ಡ ಕಿಟಕಿ ಎಲ್ಲ ಇಟ್ಟು ನೋಡುತ್ತದೆ. ಯಾವ ಕಿಟಕಿಯಲ್ಲಿ ಸರಾಸರಿ ಅತಿ ದೊಡ್ಡದೋ ಅದನ್ನು ತನ್ನದೆಂದು ಬರೆದುಕೊಳ್ಳುತ್ತದೆ. ಇದಕ್ಕೆ ನಾನು ಗರಿಷ್ಠ ಸರಾಸರಿ ಎನ್ನುತ್ತೇನೆ. ಇದಕ್ಕಿಂತ ದೊಡ್ಡ ಹೆಸರು ಬೇಕೆಂದು ನನಗೆ ಅನಿಸುವುದಿಲ್ಲ.

ಈಗ ಕಿಟಕಿಯನ್ನು ಎರಡೂ ಕಡೆಗೆ ಚಾಚೋಣ. ಒಂದು ಉದ್ದ ಗೆರೆಯ ಮೇಲೆ ಒಂದೇ ಒಂದು ಬಿಂದುವಿನಲ್ಲಿ 100 ಇದೆ, ಉಳಿದಲ್ಲೆಲ್ಲ 0. ಪಕ್ಕದ ಬಿಂದು ಎಡಕ್ಕೊಂದು ಬಲಕ್ಕೊಂದು ಹೆಜ್ಜೆ ಚಾಚಿದರೆ ಮೂರು ಬಿಂದು ಸಿಗುತ್ತದೆ, ಸರಾಸರಿ 100 ಭಾಗ 3. ಎರಡು ಹೆಜ್ಜೆ ದೂರದವನಿಗೆ ಐದು ಬಿಂದುಗಳ ಕಿಟಕಿ ಬೇಕು, 20. ನಾಲ್ಕು ಹೆಜ್ಜೆ ದೂರದವನಿಗೆ 100 ಭಾಗ 9, ಅಂದರೆ 11 ಚಿಲ್ಲರೆ. ಎಲ್ಲವನ್ನೂ ಕೂಡಿಸಿದರೆ ಮೊತ್ತಕ್ಕೆ ಕೊನೆಯಿಲ್ಲ. ಆದರೆ ಬೇರೆ ರೀತಿ ಕೇಳಿ: ಗರಿಷ್ಠ ಸರಾಸರಿ 20 ಅಥವಾ ಹೆಚ್ಚು ಇರುವವರು ಎಷ್ಟು ಮಂದಿ? ಐದು. 5ನ್ನು 20ರಿಂದ ಗುಣಿಸಿದರೆ 100. 10 ಅಥವಾ ಹೆಚ್ಚು ಇರುವವರು? ಒಂಬತ್ತು, ಗುಣಿಸಿದರೆ 90. ಮೂಲದಲ್ಲಿದ್ದ 100ನ್ನು ಅದು ದಾಟುವುದಿಲ್ಲ. ಒಂದೇ ಕಡೆ ಅಲ್ಲದೆ ಹತ್ತಾರು ಕಡೆ ಸಂಖ್ಯೆಗಳು ಹರಡಿದ್ದರೂ ಹೀಗೆಯೇ, ಮೂಲದ ಮೊತ್ತದ ಮೂರು ಪಟ್ಟನ್ನು ದಾಟುವುದಿಲ್ಲ. ದೊಡ್ಡ ಸರಾಸರಿ ಇರುವ ಜಾಗಗಳು ಎಷ್ಟು ಬೇಕಾದರೂ ಇರಲಿಕ್ಕೆ ಸಾಧ್ಯವಿಲ್ಲ ಎಂಬುದೇ ಈ ಅಸಮಾನತೆ.

ಮೂರು ಪಟ್ಟು ಎಲ್ಲಿಂದ ಬಂತು? ದೊಡ್ಡ ಸರಾಸರಿಯ ಕಿಟಕಿಗಳಲ್ಲಿ ಅತಿ ಉದ್ದದ್ದನ್ನು ತೆಗೆದಿಡಿ. ಅದನ್ನು ತಾಗುವ ಚಿಕ್ಕ ಕಿಟಕಿಗಳೆಲ್ಲ, ಆ ದೊಡ್ಡದನ್ನು ಮೂರು ಪಟ್ಟು ಉದ್ದ ಮಾಡಿದರೆ ಅದರೊಳಗೆ ಬಂದುಬಿಡುತ್ತವೆ. ಅವನ್ನು ಬಿಟ್ಟು ಉಳಿದದ್ದರಲ್ಲಿ ಮತ್ತೆ ಉದ್ದದ್ದನ್ನು ತೆಗೆಯಿರಿ. ಹೀಗೇ ಮುಂದುವರಿಸಿ. ತೆಗೆದಿಟ್ಟ ಕಿಟಕಿಗಳು ಒಂದನ್ನೊಂದು ತಾಗುವುದಿಲ್ಲ, ಆದ್ದರಿಂದ ಯಾವ ಸಂಖ್ಯೆಯನ್ನೂ ಎರಡು ಸಲ ಎಣಿಸಿದಂತೆ ಆಗುವುದಿಲ್ಲ. ಇಷ್ಟೇ ಸಾಧನೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಬೇಕಾದರೂ ಗೆರೆ ಎಳೆದು ತೋರಿಸಬಹುದು. ಮೂರರ ಬದಲು ಅತಿ ಚಿಕ್ಕ ಸರಿಯಾದ ಸಂಖ್ಯೆ ಯಾವುದು ಎಂದು ಕಂಡುಹಿಡಿಯುವುದು ಮಾತ್ರ ಇಷ್ಟು ಸಲೀಸಲ್ಲ. ತುಂಡಿಲ್ಲದ ಅಖಂಡ ಗೆರೆಗೆ, ಬಿಂದು ನಡುವಿನಲ್ಲೇ ಇರುವ ಕಿಟಕಿಗಳಿಗೆ, ಅದನ್ನು ಗ್ರೀಸಿನ ಮೇಲಾಸ್ 2003ರಲ್ಲಿ ಪ್ರಕಟಿಸಿದರು. 61ರ ವರ್ಗಮೂಲಕ್ಕೆ 11 ಕೂಡಿಸಿ 12ರಿಂದ ಭಾಗಿಸಿದರೆ ಬರುವ ಸಂಖ್ಯೆ, ಸುಮಾರು 1.57.

ಇನ್ನು ಮರಕ್ಕೆ ಬರೋಣ. ನಮ್ಮ ತೋಟದ ಅಡಿಕೆ, ತೆಂಗು ಇದಕ್ಕೆ ಆಗುವುದಿಲ್ಲ, ಅವು ಕವಲೊಡೆಯುವುದಿಲ್ಲ. ಗಣಿತದವರ ಮರ ಕುಟುಂಬದ ವಂಶವೃಕ್ಷದ ಹಾಗೆ. ಮೇಲೆ ಒಬ್ಬ ಮೂಲಪುರುಷ, ಅವನಿಗೆ ಇಬ್ಬರು ಮಕ್ಕಳು, ಪ್ರತಿಯೊಬ್ಬರಿಗೂ ಇಬ್ಬಿಬ್ಬರು, ಹೀಗೆ ಕೊನೆಯಿಲ್ಲದೆ. ಮಕ್ಕಳಸಂತಾನವಾದರೂ ಸರಿ, ಅಳಿಯಸಂತಾನವಾದರೂ ಸರಿ, ಒಂದೇ ಕಡೆಯಿಂದ ಎಣಿಸಿದರಾಯಿತು. ಹೆತ್ತವರಿಂದ ಮಗುವಿಗೆ ಒಂದು ಹೆಜ್ಜೆ. ಕಿಟಕಿ ಎಂದರೆ ಒಬ್ಬನಿಂದ ಇಷ್ಟು ಹೆಜ್ಜೆಯ ಒಳಗಿರುವ ಎಲ್ಲ ಬಂಧುಗಳು.

ಮೂಲಪುರುಷನಿಂದ 5 ಹೆಜ್ಜೆಯ ಒಳಗೆ ಎಷ್ಟು ಮಂದಿ? 1, 2, 4, 8, 16, 32, ಕೂಡಿಸಿದರೆ 63. ಇವರಲ್ಲಿ ಕೊನೆಯ ಸಾಲಿನಲ್ಲೇ 32 ಮಂದಿ, ಅರ್ಧಕ್ಕಿಂತ ಹೆಚ್ಚು. ಎಷ್ಟು ದೊಡ್ಡ ಕಿಟಕಿ ಇಟ್ಟರೂ ಇದೇ ಕಥೆ. ಗೆರೆಯ ಮೇಲೆ ಕಿಟಕಿಯ ಅಂಚಿನಲ್ಲಿ ಇರುವುದು ಎರಡೇ ಬಿಂದು, ಮರದ ಮೇಲೆ ಅಂಚಿನವರೇ ಬಹುಮತ. ಗಡಿನಾಡಿನ ಮಾಷ್ಟ್ರಿಗೆ ಈ ಸಾಲು ಓದಿದಾಗ ಏನೇನೋ ಬರೆಯಬೇಕು ಅನಿಸುತ್ತದೆ! ಆದರೆ ಬರೆಯುವುದಿಲ್ಲ. ಪ್ರಮೇಯಕ್ಕೆ ಭಾಷಾವಾರು ಪ್ರಾಂತ್ಯ ಗೊತ್ತಿಲ್ಲ, ಅದನ್ನು ನಮ್ಮ ಹೋರಾಟದ ಬ್ಯಾನರಿಗೆ ಕಟ್ಟಿದರೆ ಎರಡಕ್ಕೂ ಅನ್ಯಾಯ.

ಮೂರು ಪಟ್ಟಿನ ಉಪಾಯ ಇಲ್ಲಿ ಸತ್ತುಹೋಗುತ್ತದೆ. ಗೆರೆಯ ಮೇಲೆ 5 ಹೆಜ್ಜೆಯ ಕಿಟಕಿಯಲ್ಲಿ 11 ಬಿಂದು, 15 ಹೆಜ್ಜೆಯದರಲ್ಲಿ 31, ಹೆಚ್ಚುಕಡಿಮೆ ಮೂರು ಪಟ್ಟು. ಮರದಲ್ಲಿ ಮೂಲಪುರುಷನಿಂದ 5 ಹೆಜ್ಜೆಗೆ 63, 15 ಹೆಜ್ಜೆಗೆ 65,535. ಸಾವಿರ ಪಟ್ಟಿಗಿಂತ ಹೆಚ್ಚಾಯಿತು! ಹಾಗಾದರೆ ಅಸಮಾನತೆಯೂ ಸುಳ್ಳಾಗಬೇಕಲ್ಲ ಎಂದು ಅನಿಸುವುದು ಸಹಜ. ಲೆಕ್ಕ ಮಾಡಿ ನೋಡೋಣ.

ಮೂಲಪುರುಷನ ಕೈಯಲ್ಲಿ 100, ಉಳಿದವರೆಲ್ಲ ಬರಿಗೈ. ಅವನ ಮಗ ಒಂದು ಹೆಜ್ಜೆಯ ಕಿಟಕಿ ಇಟ್ಟರೆ ಅದರಲ್ಲಿ ತಾನು, ತನ್ನ ಇಬ್ಬರು ಮಕ್ಕಳು, ಅಪ್ಪ, ಒಟ್ಟು 4. ಸರಾಸರಿ 25. ಮೊಮ್ಮಗನಿಗೆ ಎರಡು ಹೆಜ್ಜೆ ಬೇಕು. ತಾನು, ಇಬ್ಬರು ಮಕ್ಕಳು, ನಾಲ್ವರು ಮೊಮ್ಮಕ್ಕಳು, ಅಪ್ಪ, ಒಡಹುಟ್ಟಿದವನು, ಅಜ್ಜ, ಒಟ್ಟು 10. ಸರಾಸರಿ 10. ಮರಿಮಗನಿಗೆ 22 ಮಂದಿ, ಸರಾಸರಿ 4.5 ಚಿಲ್ಲರೆ. 25 ಅಥವಾ ಹೆಚ್ಚು ಇರುವವರು 3 ಮಂದಿ, ಗುಣಿಸಿದರೆ 75. 10 ಅಥವಾ ಹೆಚ್ಚು ಇರುವವರು 7 ಮಂದಿ, 70. ಮುಂದೆ 68, ಹಾಗೇ ಇಳಿಯುತ್ತಾ 66.67ರ ಹತ್ತಿರ ನಿಲ್ಲುತ್ತದೆ. 100 ದಾಟುವುದಿಲ್ಲ! ಪ್ರತಿಯೊಬ್ಬರಿಗೂ ಮೂವರು ಮಕ್ಕಳಾದರೆ 80, 76.5, ಕೊನೆಗೆ 75ರ ಹತ್ತಿರ. ಹತ್ತು ಹತ್ತು ಮಕ್ಕಳಾದರೂ 91ರ ಆಸುಪಾಸು. ಮಕ್ಕಳ ಸಂಖ್ಯೆ ಎಷ್ಟೇ ಏರಲಿ, 100 ದಾಟುವುದಿಲ್ಲ.

ಇದು ಒಂದೇ ಕಡೆ ಹಣ ಇಟ್ಟಾಗಿನ ಮಾತು. ಎಲ್ಲ ಕಡೆ ಚದರಿದ್ದಾಗಲೂ, ಕವಲು ಎಷ್ಟೇ ಇದ್ದರೂ, ಒಂದೇ ನಿಶ್ಚಿತ ಪಟ್ಟಿನೊಳಗೆ ನಿಲ್ಲುತ್ತದೆ ಎಂಬುದಕ್ಕೆ ಅಸಾಫ್ ನಾವೋರ್ ಮತ್ತು ಟೆರೆನ್ಸ್ ಟಾವೋ 2010ರ ಪ್ರಬಂಧದಲ್ಲಿ ಬರೀ ಎಣಿಕೆಯ ಸಾಧನೆ ಕೊಟ್ಟರು. ಫಲಿತಾಂಶ ಅದಕ್ಕೂ ಮುಂಚೆ ಬೇರೆ ದಾರಿಯಲ್ಲಿ ಗೊತ್ತಿತ್ತು. ಆದರೆ ಈ ಎಣಿಕೆ ಎಷ್ಟು ಚೆಂದ ಎಂದರೆ ಅದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಇಬ್ಬಿಬ್ಬರು ಮಕ್ಕಳ ಮರದಲ್ಲಿ ನಿಮ್ಮಿಂದ ಸರಿಯಾಗಿ 4 ಹೆಜ್ಜೆ ದೂರದ ಬಂಧುಗಳು ಯಾರು? ಕೆಳಗೆ ನಾಲ್ಕು ಹೆಜ್ಜೆ ಇಳಿದರೆ ಮರಿಮಕ್ಕಳ ಮಕ್ಕಳು, 16 ಮಂದಿ. ಒಂದು ಹತ್ತಿ ಮೂರು ಇಳಿದರೆ ಒಡಹುಟ್ಟಿದವರ ಮೊಮ್ಮಕ್ಕಳು, 4. ಎರಡು ಹತ್ತಿ ಎರಡು ಇಳಿದರೆ ದೊಡ್ಡಪ್ಪನದೋ ಚಿಕ್ಕಪ್ಪನದೋ ಮಕ್ಕಳು, 2. ಮೂರು ಹತ್ತಿ ಒಂದು ಇಳಿದರೆ ಅಜ್ಜನ ಒಡಹುಟ್ಟು, 1. ನಾಲ್ಕೂ ಹತ್ತಿದರೆ ಮುತ್ತಜ್ಜನ ಅಪ್ಪ, 1. ಒಟ್ಟು 24. ಮರದಲ್ಲಿ ಹತ್ತಲು ಒಂದೇ ದಾರಿ, ಇಳಿಯಲು ಹಲವು.

ಈಗ ಮರದಿಂದ ಹತ್ತು ಜನರ ಒಂದು ಗುಂಪು, ಇನ್ನೊಂದು ಹತ್ತು ಜನರ ಗುಂಪು ಆರಿಸಿ. ಈ ಗುಂಪಿನ ಒಬ್ಬ, ಆ ಗುಂಪಿನ ಒಬ್ಬ, ನಡುವೆ ಸರಿಯಾಗಿ 4 ಹೆಜ್ಜೆ ಇರುವ ಜೋಡಿಗಳು ಹೆಚ್ಚೆಂದರೆ ಎಷ್ಟು? ಒಬ್ಬನಿಗೆ 24 ಆದರೆ ಹತ್ತು ಜನಕ್ಕೆ 240 ಎಂದು ಅವಸರಪಟ್ಟು ಹೇಳಬೇಡಿ. ನನಗೆ 16 ಮಂದಿ ಮರಿಮಕ್ಕಳ ಮಕ್ಕಳಿರಬಹುದು, ಆದರೆ ಅವರಲ್ಲಿ ಒಬ್ಬೊಬ್ಬನಿಗೂ ಆ ಸಂಬಂಧದ ಹಿರಿಯ ನಾನೊಬ್ಬನೇ. ಅಂದರೆ ಎದುರು ಗುಂಪಿನ ಕಡೆಯಿಂದ ಎಣಿಸಿದರೆ ಈ ಬಗೆಯ ಜೋಡಿ 10ಕ್ಕಿಂತ ಹೆಚ್ಚಾಗಲು ಸಾಧ್ಯವೇ ಇಲ್ಲ. ಹಾಗೆಯೇ ಒಡಹುಟ್ಟಿದವರ ಮೊಮ್ಮಕ್ಕಳ ಬಗೆಯದ್ದು 10, ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳ ಬಗೆಯದ್ದು 20, ಕೊನೆಯ ಎರಡು ಬಗೆ ಹತ್ತು ಹತ್ತು. ಒಟ್ಟು 60, ಮೇಲೆ ಹೋಗದು. 240 ಎಲ್ಲಿ, 60 ಎಲ್ಲಿ! ಯಾವ ಕಡೆಯಿಂದ ಎಣಿಸಿದರೆ ಕಡಿಮೆಯೋ ಆ ಕಡೆಯಿಂದ ಎಣಿಸುವುದು, ಇದೇ ಆ ಸಾಧನೆಯ ಬೆನ್ನೆಲುಬು. ಗೆರೆಯ ಮೇಲೆ ಮೂರು ಪಟ್ಟಿನ ಉಪಾಯ ಮಾಡುತ್ತಿದ್ದ ಕೆಲಸವನ್ನು ಮರದ ಮೇಲೆ ಇದು ಮಾಡುತ್ತದೆ.

ಮೇಲಿನ ಎರಡು ಪ್ಯಾರಾ ಮತ್ತೊಮ್ಮೆ ಓದಿ. ಅಜ್ಜ, ಮುತ್ತಜ್ಜ, ದೊಡ್ಡಪ್ಪ, ಮರಿಮಗ. ಯಾವ ಇಂಗ್ಲಿಷ್ ಮೀಡಿಯಂ ಬೇಕಾಯಿತು ಹೇಳಿ? ಇಂಗ್ಲಿಷಿನಲ್ಲಾದರೆ ದೊಡ್ಡಪ್ಪ, ಚಿಕ್ಕಪ್ಪ, ಮಾವ ಎಲ್ಲ ಒಂದೇ ಅಂಕಲ್. ಬಂಧುತ್ವದ ಎಣಿಕೆಗೆ ನಮ್ಮ ಮಾತು ಅದಕ್ಕಿಂತ ಹರಿತವಾಗಿದೆ.

ಕೊನೆಯದು ತೂಕ. ಇದು ನಮಗೆ ಹೊಸತಲ್ಲ. ಲೆಕ್ಕಕ್ಕೆಂದು ಮೂರು ಶಾಲೆ ತೆಗೆದುಕೊಳ್ಳಿ. ಒಂದರಲ್ಲಿ 10 ಮಕ್ಕಳು, ಶೇಕಡಾ 100 ಪಾಸು. ಇನ್ನೊಂದರಲ್ಲಿ 40 ಮಕ್ಕಳು, ಶೇ. 90. ಮತ್ತೊಂದರಲ್ಲಿ 350 ಮಕ್ಕಳು, ಶೇ. 70. ಶಾಲೆಗಳ ಸರಾಸರಿ ಶೇ. 86.7. ಮಕ್ಕಳ ಸಂಖ್ಯೆಯನ್ನು ತೂಕವಾಗಿ ಹಾಕಿದರೆ 400ರಲ್ಲಿ 291 ಪಾಸು, ಶೇ. 72.75. ಎರಡೂ ಸರಿಯಾದ ಲೆಕ್ಕವೇ. ಆದರೆ ತೂಕ ಹಾಕಿದ ಲೆಕ್ಕದಲ್ಲಿ 10 ಮಕ್ಕಳ ಶಾಲೆ ಇದ್ದೂ ಇಲ್ಲದಂತೆ. ‘ಅನಾದಾಯಕರ’ ಎಂಬ ಪಟ್ಟಿಯಲ್ಲಿ ಹೆಸರು ಬಂದ ಶಾಲೆಯ ಅಧ್ಯಾಪಕರಿಗೆ ತೂಕ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಯಾವ ತೂಕ, ಯಾವ ಕಿಟಕಿ ಎಂದು ಕೇಳಲು ಕಲಿತ ಮಗು ಮುಂದೆ ಯಾವ ವರದಿ ಕೈಗೆ ಬಂದರೂ ಸುಮ್ಮನೆ ತಲೆಯಾಡಿಸುವುದಿಲ್ಲ.

ಗಣಿತದಲ್ಲಿ ಪ್ರಶ್ನೆ ಹೀಗೆ: ದೊಡ್ಡ ಸರಾಸರಿ ಇರುವ ಜಾಗಗಳನ್ನು ತಲೆಯೆಣಿಸುವ ಬದಲು ತೂಕ ಮಾಡಿದರೆ, ಅಸಮಾನತೆ ಉಳಿಯುತ್ತದೆಯೇ? ಬಲಗಡೆಯಲ್ಲಿ ಪ್ರತಿ ಬಿಂದುವಿನ ಸಂಖ್ಯೆಯನ್ನು ಆ ಬಿಂದುವಿನ ಸುತ್ತಲಿನ ತೂಕದ ಗರಿಷ್ಠ ಸರಾಸರಿಯಿಂದ ಗುಣಿಸಿಟ್ಟರೆ ಗೆರೆಯ ಮೇಲೆ ಅದು ಉಳಿಯುತ್ತದೆ. ಇದನ್ನು ಫೆಫರ್‌ಮನ್ ಮತ್ತು ಸ್ಟೈನ್ 1971ರಲ್ಲಿ ತೋರಿಸಿದರು. ಮರದಲ್ಲಿ ಒಂದು ಚಿಕ್ಕ ಉದಾಹರಣೆ: ಮೂಲಪುರುಷನಲ್ಲಿ ಮತ್ತೆ 100, ಒಬ್ಬ ಮೊಮ್ಮಗನಿಗೆ ಮಾತ್ರ ತೂಕ 10, ಉಳಿದವರ ತೂಕ 0. ಗರಿಷ್ಠ ಸರಾಸರಿ 10 ಅಥವಾ ಹೆಚ್ಚು ಇರುವ ಏಳು ಮಂದಿಯ ಒಟ್ಟು ತೂಕ 10. ಮೂಲಪುರುಷನ ಸುತ್ತ ತೂಕದ ಗರಿಷ್ಠ ಸರಾಸರಿ 10 ಭಾಗ 7. ಅದನ್ನು 100ರಿಂದ ಗುಣಿಸಿ 10ರಿಂದ ಭಾಗಿಸಿದರೆ 14.3. ಎಡಗಡೆ 10, ಬಲಗಡೆ 14.3, ಸರಿಯಾಯಿತು.

ಆದರೆ ಒಂದು ಉದಾಹರಣೆ ಸರಿಯಾದರೆ ಎಲ್ಲವೂ ಸರಿಯಾಗಬೇಕೆಂದಿಲ್ಲ (ಇದನ್ನು ನಾವು ಮಕ್ಕಳಿಗೆ ಸಾಕಷ್ಟು ಹೇಳುವುದಿಲ್ಲ). ಓಂಬ್ರೋಸಿ, ರಿವೇರಾ-ರಿಯೋಸ್ ಮತ್ತು ಸಾಫೆ ಎಂಬ ಮೂವರು 2021ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ಮರದ ಮೇಲೆ ಈ ನಿಯಮ ಎಲ್ಲ ತೂಕಗಳಿಗೂ ನಿಲ್ಲುವುದಿಲ್ಲ ಎಂದು ತೋರಿಸಿದರು. ನಿಲ್ಲಬೇಕಾದರೆ ತೂಕವನ್ನು ಒಂದಕ್ಕಿಂತ ಹೆಚ್ಚಿನ ಯಾವುದಾದರೂ ಘಾತಕ್ಕೆ ಏರಿಸಿ, ಆಮೇಲೆ ಗರಿಷ್ಠ ಸರಾಸರಿ ತೆಗೆದು, ಅದೇ ಘಾತದ ಮೂಲ ತೆಗೆಯಬೇಕು. ಘಾತ 2 ಎಂದರೆ ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ. 0, 0, 0, 4 ಇವುಗಳ ಸಾದಾ ಸರಾಸರಿ 1, ಈ ರೀತಿಯಲ್ಲಿ 2. ನಮ್ಮ ಉದಾಹರಣೆಯಲ್ಲಿ ಬಲಗಡೆಯ 14.3 ಏರಿ ಸುಮಾರು 37.8 ಆಗುತ್ತದೆ. ಘಾತ 1.01 ಆದರೂ ಸಾಕು, ಆದರೆ ಸರಿಯಾಗಿ 1 ಆಗಬಾರದು. ಈ ಕೂದಲೆಳೆಯ ವ್ಯತ್ಯಾಸ ನನಗೆ ಬಹಳ ಇಷ್ಟ. ತೂಕ ಇಲ್ಲದಿದ್ದಾಗ ಮರವೂ ಗೆರೆಯೂ ಒಂದೇ ತರಹ ನಡೆದುಕೊಂಡವು, ತೂಕ ಬಂದ ಕೂಡಲೇ ಬೇರೆಯಾದವು.

ಕನ್ನಡದಲ್ಲಿ ಗಣಿತ ಬರೆಯುವುದು ಹೊಸ ಸಾಹಸವೇನಲ್ಲ. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದಿದ್ದಾನೆ. ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ. ಹೊಸ ಸಂಶೋಧನೆ ಓದಬೇಕಾದರೆ ಅದು ಬೇಕೇ ಬೇಕು, ಪ್ಲಸ್ ವನ್ನಿಗೆ ಹೋಗುವ ಮುಂಚೆ ಅದರ ಪದಗಳನ್ನು ನಾವೇ ಕುಳಿತು ಹೇಳಿಕೊಡಬೇಕು. ನನ್ನ ತಕರಾರು ಬೇರೆ. ಮನೆಯಲ್ಲಿ ತುಳುವೋ ಮಲಯಾಳವೋ ಕೊಂಕಣಿಯೋ ಮರಾಠಿಯೋ ಆಡಿ, ಶಾಲೆಯಲ್ಲಿ ಕನ್ನಡದಲ್ಲಿ ಎಣಿಸಲು ಕಲಿತ ಮಗು ಹನ್ನೊಂದನೇ ಕ್ಲಾಸಿನ ಬಾಗಿಲಲ್ಲಿ ತಡವರಿಸಿದಾಗ "ನಿನಗೆ ಗಣಿತ ಬರುವುದಿಲ್ಲ" ಎಂದು ಹೇಳಿಬಿಡುತ್ತಾರೆ. ಬಾರದೆ ಇದ್ದದ್ದು ನಾಲ್ಕು ಶಬ್ದ, ಗಣಿತ ಅಲ್ಲ. ಅಲ್ಲಿಗೆ ಹೋಗುವ ಮುಂಚೆಯೇ ಆ ಮಗು ತನ್ನ ಭಾಷೆಯಲ್ಲಿ ಒಂದಾದರೂ ದೊಡ್ಡ ಗಣಿತವನ್ನು ಕೈಯಾರೆ ಮಾಡಿ ನೋಡಿದ್ದರೆ, ಹಾಗೆ ಹೇಳಿದವರ ಮಾತನ್ನು ಅಷ್ಟು ಸುಲಭಕ್ಕೆ ನಂಬುವುದಿಲ್ಲ.

ಗಣಿತ ಕ್ಲಬ್ಬಿನಲ್ಲಿ ಕ್ವಿಜ್ ಒಂದನ್ನೇ ಮಾಡಿ ಬೇಸತ್ತ ಅಧ್ಯಾಪಕ ಮಿತ್ರರು ಒಂದು ಶುಕ್ರವಾರ ಮಧ್ಯಾಹ್ನ ಇದನ್ನು ಮಾಡಿಸಿ. ದೊಡ್ಡ ಡ್ರಾಯಿಂಗ್ ಹಾಳೆ ಅಂಟಿಸಿ ಮೂರು ಮೂರು ಮಕ್ಕಳ ಮರ ಬರೆಸಿ, ನಡುವಿನಲ್ಲಿ ಒಬ್ಬನನ್ನು ಆರಿಸಿ, ಅವನಿಂದ ಸರಿಯಾಗಿ 4 ಹೆಜ್ಜೆ ದೂರದ ಬಂಧುಗಳನ್ನು ಎಣಿಸಲು ಹೇಳಿ. ಮೇಲೂ ಕೆಳಗೂ ಸಾಕಷ್ಟು ತಲೆಮಾರು ಇರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. 81, 18, 6, 2, 1. ಒಟ್ಟು 108 ಬರಬೇಕು.